ಜೌಗುವನದಲ್ಲಿ ನಾಲ್ಕೇ ಜನರ ಮದುವೆ: ಮೊದಲು ಕಾಗದ, ಆಮೇಲೆ ದೋಣಿ

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಷಾರ್ಲಟ್‌ನಿಂದ ಬಂದಿಳಿದ ಜೋಡಿಯೊಂದು ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಕೌಂಟಿ (ಜಿಲ್ಲೆ) ಕಚೇರಿಯ ಕಿಟಕಿಯಲ್ಲಿ ವಿವಾಹ ಪರವಾನಗಿಗೆ ಅರ್ಜಿ ಕೊಟ್ಟಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಚಾರ್ಲ್ಸ್‌ಟನ್ ಊರಿನ ಹತ್ತಿರದ ಜೌಗು ಉದ್ಯಾನಕ್ಕೆ ಹಣ ಕಟ್ಟಿಯಾಗಿತ್ತು, ಛಾಯಾಗ್ರಾಹಕರು ಊರಿಗೆ ಬಂದಿದ್ದರು, ಮೈಸೂರು ರೇಷ್ಮೆಗೆ ಇಸ್ತ್ರಿಯೂ ಆಗಿತ್ತು. ಕಿಟಕಿಯಾಚೆಗಿದ್ದವರು ಅರ್ಜಿ ತೆಗೆದುಕೊಂಡು, ಸೋಮವಾರ ಬಂದು ಪರವಾನಗಿ ಪಡೆಯಿರಿ ಎಂದರು. ದಕ್ಷಿಣ ಕ್ಯಾರೊಲಿನಾದಲ್ಲಿ ಅರ್ಜಿ ಕೊಟ್ಟ ಮೇಲೆ 24 ಗಂಟೆ ಕಾಯಲೇಬೇಕು, ಶನಿವಾರ ಮತ್ತು ಭಾನುವಾರ ಕಚೇರಿಗೆ ರಜೆ. ಶನಿವಾರ ಅವರು ಹಾರ ಬದಲಾಯಿಸಿ ಫೋಟೊ ತೆಗೆಸಿಕೊಂಡರು. ಕಾನೂನಿನ ಮದುವೆ ಸೋಮವಾರ ಒಂದು ಪಾರ್ಕಿಂಗ್ ಜಾಗದಲ್ಲಿ, ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಹಾಕುವುದರೊಂದಿಗೆ ಮುಗಿಯಿತು.

ಇದೇ ಎಡವಟ್ಟನ್ನು ಮೂರು ಜೋಡಿಗಳಲ್ಲಿ ನೋಡಿದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಎಲ್ಲರೂ ಚಿತ್ರದಿಂದ ಶುರುಮಾಡುತ್ತಾರೆ: ಕಪ್ಪು ನೀರು, ಸೈಪ್ರೆಸ್ ಮರಗಳು, ನಡುವೆ ದೋಣಿಯಲ್ಲಿ ವಧೂವರರು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು ಕಾಗದದ ಹತ್ತಿರ ಮುಗ್ಗರಿಸುತ್ತಾರೆ. ಕೆಳಗಿನ ಕ್ರಮವನ್ನು ಇದ್ದ ಹಾಗೆಯೇ ಅನುಸರಿಸಿ. ಐದನೆಯ ಹಂತವನ್ನು ಎರಡನೆಯದಾಗಿ ಮಾಡಿದರೆ ಹಣ ಹೋಗುತ್ತದೆ.

ಒಂದು ಮಾತು. ಎಲೋಪ್‌ಮೆಂಟ್ ಎಂಬ ಪದವನ್ನು ಅಮೆರಿಕದಲ್ಲಿ ಈಗ ಬಳಸುವುದು ಓಡಿಹೋಗಿ ಮಾಡಿಕೊಳ್ಳುವ ಮದುವೆಗೆ ಮಾತ್ರವಲ್ಲ. ಛತ್ರ, ಊಟ, ಮುನ್ನೂರು ಜನ ಯಾವುದೂ ಇಲ್ಲದ ಪುಟ್ಟ ಮದುವೆಗೂ ಅದೇ ಹೆಸರು. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಆ ಪದವನ್ನು ಅನುವಾದಿಸಲು ಹೋಗಬೇಡಿ.

## ಹಂತ 1: ತಲೆ ಎಣಿಸಿ, ಆ ಸಂಖ್ಯೆಗೆ ಬೀಗ ಹಾಕಿ

ಮದುವೆ ಮಾಡಿಸುವವರು, ಛಾಯಾಗ್ರಾಹಕರು, ನಿಮ್ಮಿಬ್ಬರ ಕಡೆಯ ಒಬ್ಬೊಬ್ಬ ಗೆಳೆಯರು, ಇಷ್ಟೇ ಎಂದು ಶುರುವಾಗುತ್ತದೆ. ಆಮೇಲೆ ಅಟ್ಲಾಂಟಾದ ಚಿಕ್ಕಮ್ಮನಿಗೆ ಬೇಸರವಾಗುತ್ತದೆ ಎಂದು ಅವರ ಸಂಸಾರ ಸೇರುತ್ತದೆ, ಅವರು ಬಂದರೆ ರಾಲಿಯ ದೊಡ್ಡಪ್ಪನ ಮಗನನ್ನು ಬಿಡುವ ಹಾಗಿಲ್ಲ. ಹನ್ನೆರಡು ಜನ ದಾಟಿದರೆ ಅನೇಕ ಉದ್ಯಾನಗಳಲ್ಲಿ ನಿಮ್ಮದು ಪುಟ್ಟ ಸಮಾರಂಭವೆಂಬ ಲೆಕ್ಕದಿಂದ ಹೊರಬಿದ್ದು, ಕುರ್ಚಿ, ಮಂಟಪ, ಬಾಡಿಗೆ ಎಲ್ಲವೂ ಇರುವ ಪೂರ್ಣ ಮದುವೆಯ ದರಕ್ಕೆ ಏರುತ್ತದೆ. ಜೌಗಿನ ಮರದ ಹಲಗೆಹಾದಿಯಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲುವಷ್ಟೇ ಅಗಲವಿರುವ ಕಡೆಗಳಿವೆ; ಹದಿನೈದು ಜನ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು.

ಬರಲಾಗದ ತಂದೆತಾಯಿಗೆ ವಿಡಿಯೊ ಕರೆ ಮಾಡುವುದಾದರೆ ಅದನ್ನೂ ಈಗಲೇ ತೀರ್ಮಾನಿಸಿ. ನಾಲ್ಕನೆಯ ಹಂತದಲ್ಲಿ ಗಂಟೆ ಗೊತ್ತುಮಾಡುವಾಗ ಅದೇ ಮುಖ್ಯವಾಗುತ್ತದೆ.

## ಹಂತ 2: ಜಾಗ ಆರಿಸಿ, ಆದರೆ ಹಣ ಕಟ್ಟಬೇಡಿ

ಚಾರ್ಲ್ಸ್‌ಟನ್ ಸುತ್ತಮುತ್ತ ಇಂಥ ಮದುವೆಗೆ ಜನ ಮುಖ್ಯವಾಗಿ ಕೇಳುವುದು ಎರಡು ಜಾಗಗಳನ್ನು. ಒಂದು, ಬರ್ಕ್ಲಿ ಕೌಂಟಿಯ ಮಾಂಕ್ಸ್ ಕಾರ್ನರ್ ಬಳಿಯ ಸೈಪ್ರೆಸ್ ಗಾರ್ಡನ್ಸ್. ಚಾರ್ಲ್ಸ್‌ಟನ್ನಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್. ಒಟ್ಟು ಸುಮಾರು 170 ಎಕರೆ, ಅದರಲ್ಲಿ 80 ಎಕರೆಯಷ್ಟು ಕಪ್ಪು ನೀರಿನ ಜೌಗು. ಚಪ್ಪಟೆ ತಳದ ದೋಣಿಯನ್ನು ನೀವೇ ಹುಟ್ಟು ಹಾಕಿಕೊಂಡು ಸುತ್ತಬಹುದು. ಇನ್ನೊಂದು, ಆ್ಯಶ್ಲಿ ನದಿಯ ರಸ್ತೆಯಲ್ಲಿರುವ ಮ್ಯಾಗ್ನೋಲಿಯಾ ಪ್ಲಾಂಟೇಶನ್ನಿನ ಆಡುಬಾನ್ ಸ್ವಾಂಪ್ ಗಾರ್ಡನ್, ಸುಮಾರು 60 ಎಕರೆ. ಅಲ್ಲಿ ನೋಡುವುದೆಲ್ಲ ಕಾಲುಹಾದಿ ಮತ್ತು ಹಲಗೆಹಾದಿಯಿಂದ. ದೋಣಿ ಬೇಕೆಂದರೆ ಮೊದಲನೆಯದು, ಹಕ್ಕಿ ಬೇಕೆಂದರೆ ಎರಡನೆಯದು ಎಂಬುದು ನನ್ನ ಸರಳ ಲೆಕ್ಕ.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ (ಜೌಗು ಕಾಡು) ನೋಡಿದವರಿಗೆ ಇಲ್ಲಿನ ನೆಲ ಅಪರಿಚಿತ ಅನ್ನಿಸುವುದಿಲ್ಲ. ಅಲ್ಲಿ ನೀರಿನಿಂದ ಮಂಡಿ ಮಡಿಸಿ ಮೇಲೆದ್ದ ಬೇರುಗಳು, ಇಲ್ಲಿ ಸೈಪ್ರೆಸ್ ಮರದ ಸುತ್ತ ಗೂಟ ನೆಟ್ಟಂತೆ ಎದ್ದ ಬೇರುಗಳು. ನೀರು ಕಪ್ಪಗಿರುವುದು ಕೊಳಕಿನಿಂದಲ್ಲ. ಕೊಳೆತ ಎಲೆ ಮತ್ತು ತೊಗಟೆಯ ಚೊಗರು ಇಳಿದು ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣ ಬಂದಿರುತ್ತದೆ. ಕನ್ನಡಿಯಂತೆ ಪ್ರತಿಬಿಂಬ ಕೊಡುವುದೂ ಆ ಬಣ್ಣವೇ, ಸೀರೆಗೆ ಕಲೆ ಮಾಡುವುದೂ ಅದೇ.

ಹಣ ಕಟ್ಟುವ ಮೊದಲು ನಿಮ್ಮಿಬ್ಬರಲ್ಲೇ ಮಾತಾಡಿಕೊಳ್ಳಬೇಕಾದ ವಿಷಯ ಒಂದಿದೆ. ಎರಡೂ ಜಾಗಗಳು ಗುಲಾಮರ ದುಡಿಮೆಯಿಂದ ನಡೆದ ಪ್ಲಾಂಟೇಶನ್‌ಗಳ ಭಾಗ. ಸೈಪ್ರೆಸ್ ಗಾರ್ಡನ್ಸ್‌ನ ನೀರೇ ಡೀನ್ ಹಾಲ್ ಎಂಬ ಪ್ಲಾಂಟೇಶನ್ನಿನ ಭತ್ತದ ಗದ್ದೆಗಳಿಗೆಂದು ಕಟ್ಟಿ ನಿಲ್ಲಿಸಿದ್ದು. ಇಂಥ ಜಾಗಗಳನ್ನು ಮದುವೆಗೆಂದು ಪ್ರಚಾರ ಮಾಡುವುದನ್ನು ಚಿತ್ರ ಹಂಚುವ ಜಾಲತಾಣ ಪಿಂಟರೆಸ್ಟ್ 2019ರ ಕೊನೆಯಲ್ಲಿ ನಿಲ್ಲಿಸಿತು. ಪ್ಲಾಂಟೇಶನ್‌ಗಳಲ್ಲಿ ಕೆಲಸ ಮಾಡುವುದಿಲ್ಲ ಎನ್ನುವ ಛಾಯಾಗ್ರಾಹಕರೂ ಇದ್ದಾರೆ. ಮುಂಗಡ ಕೊಡುವ ಮೊದಲೇ ಅವರಿಗೆ ಜಾಗದ ಹೆಸರು ಹೇಳಿ.

## ಹಂತ 3: ತಿಂಗಳು ಗೊತ್ತುಮಾಡಿ

ಜೌಗಿಗೆ ಅದರದೇ ಪಂಚಾಂಗವಿದೆ.

ಮಾರ್ಚ್ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ ಅಜೇಲಿಯಾ ಹೂ. ಎಲ್ಲ ಚಿತ್ರಗಳೂ ಆಗಿನವೇ, ಆದ್ದರಿಂದ ಜನವೂ ಆಗಲೇ. ಚಿತ್ರದಲ್ಲಿ ಕಾಣದಿರುವುದು ಪೈನ್ ಮರಗಳ ಹಳದಿ ಪರಾಗ. ಅದು ಕಾರು, ಬೆಂಚು, ದೋಣಿ, ನೀರು ಎಲ್ಲದರ ಮೇಲೂ ಅರಿಶಿನ ಎರಚಿದಂತೆ ಕೂರುತ್ತದೆ. ಅರಿಶಿನ ಶಾಸ್ತ್ರ ಪುಕ್ಕಟೆಯಾಯಿತು ಎಂದು ನಗಬಹುದು, ಬಿಳಿ ಪಂಚೆ ಉಟ್ಟ ವರನಿಗೆ ನಗು ಬರುವುದಿಲ್ಲ. ಸೀನು ಬರುವವರು ಮಾತ್ರೆ ಇಟ್ಟುಕೊಂಡಿರಬೇಕು.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬೇಡ. ಜುಲೈಯಲ್ಲಿ ಮಧ್ಯಾಹ್ನದ ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಜೊತೆಗೆ ಮಂಗಳೂರಿನ ಮೇ ತಿಂಗಳನ್ನು ನೆನಪಿಸುವ ಸೆಕೆ. ಮಧ್ಯಾಹ್ನದ ಗುಡುಗು ಮಳೆ ಬೇರೆ. ಸೊಳ್ಳೆಯ ಸಂಗಡ ಕಚ್ಚುವ ಹಳದಿ ನೊಣವೂ ಇರುತ್ತದೆ. ಡಕ್‌ವೀಡ್ ಎಂಬ ಸಾಸಿವೆ ಗಾತ್ರದ ನೀರೆಲೆ ಬೆಳೆದು ನೀರಿನ ಮೇಲೆಲ್ಲ ಹಸಿರು ಹಾಸು ಹಾಸುತ್ತದೆ. ನೀವು ನೆಚ್ಚಿಕೊಂಡು ಬಂದ ಪ್ರತಿಬಿಂಬ ಆಗ ಮಾಯ. ಮಕ್ಕಳು ಅದನ್ನು ಹುಲ್ಲುಹಾಸೆಂದು ತಿಳಿದು ಕಾಲಿಡುವುದೂ ಉಂಟು.

ಚಂಡಮಾರುತದ ಅವಧಿ ಜೂನ್ 1ರಿಂದ ನವೆಂಬರ್ 30ರವರೆಗೆ. ಜೋರು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಳೆ ನಿಂತರೂ ಸುತ್ತಲಿನ ನೀರು ಹರಿದು ಬರುತ್ತಲೇ ಇರುವುದರಿಂದ ಜೌಗಿನ ಹಾದಿಗಳು ದಿನಗಟ್ಟಲೆ ಮುಳುಗಿರಬಹುದು. 2015ರ ಅಕ್ಟೋಬರಿನ ಪ್ರವಾಹದ ಮೇಲೆ ಸೈಪ್ರೆಸ್ ಗಾರ್ಡನ್ಸ್ ಮತ್ತೆ ಬಾಗಿಲು ತೆರೆದದ್ದು 2019ರಲ್ಲಿ.

ನನ್ನನ್ನು ಕೇಳಿದರೆ ನವೆಂಬರ್ ಮಧ್ಯಭಾಗದಿಂದ ಕೊನೆಯವರೆಗೆ. ಇಲ್ಲಿನ ಸೈಪ್ರೆಸ್ ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿ. ಉದುರುವ ಮುನ್ನ ಇಡೀ ಮರ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕಪ್ಪು ನೀರಿನಲ್ಲಿ ಅದೇ ಬಣ್ಣ ತಲೆಕೆಳಗಾಗಿ ನಿಂತಿರುತ್ತದೆ. ಸೊಳ್ಳೆ ಕಡಿಮೆ, ಜನ ಕಡಿಮೆ, ಮೊಸಳೆಗಳಿಗೂ ಮಂಪರು. ಹೂ ಬೇಕೇಬೇಕು ಎನ್ನುವವರು ಮಾರ್ಚ್ ಕೊನೆಯ ಮಂಗಳವಾರ ಅಥವಾ ಬುಧವಾರ ಹಿಡಿಯಿರಿ.

## ಹಂತ 4: ಗಂಟೆ ಮತ್ತು ಮುಹೂರ್ತ

ಸಂಜೆಯ ಹೊಂಬೆಳಕಿನಲ್ಲಿ ಮದುವೆ ಎಂದು ಎಲ್ಲರೂ ಕೇಳುತ್ತಾರೆ. ಉದ್ಯಾನದ ಬಾಗಿಲು ಸಾಮಾನ್ಯವಾಗಿ ಸಂಜೆ 5ಕ್ಕೆ ಹಾಕುತ್ತದೆ, ಅದಕ್ಕೂ ಒಂದು ಗಂಟೆ ಮೊದಲೇ ಒಳಗೆ ಬಿಡುವುದು ನಿಲ್ಲುತ್ತದೆ. ಮಾರ್ಚ್ ಕೊನೆಯಲ್ಲಿ ಸೂರ್ಯ ಮುಳುಗುವುದು ಏಳೂವರೆಯ ಹೊತ್ತಿಗೆ. ಅಂದರೆ ಹೊಂಬೆಳಕು ಬೀಳುವಾಗ ನೀವು ಹೋಟೆಲಿನಲ್ಲಿರುತ್ತೀರಿ. ನವೆಂಬರಿನಲ್ಲಿ ಐದೂಕಾಲರ ಸುಮಾರಿಗೆ ಮುಳುಗುವುದರಿಂದ ಬೆಳಕು ಸಿಗುತ್ತದೆ, ಆದರೆ ಇಲ್ಲಿ ನಾಲ್ಕು ಗಂಟೆಯಾದಾಗ ಬೆಂಗಳೂರಿನಲ್ಲಿ ನಸುಕಿನ ಎರಡೂವರೆ. ಕರೆಯಲ್ಲಿರುವ ಅಜ್ಜಿ ಎಚ್ಚರವಾಗಿರುವುದಿಲ್ಲ.

ಎರಡಕ್ಕೂ ಹೊಂದುವುದು ಬೆಳಿಗ್ಗೆ ಒಂಬತ್ತೂವರೆ. ಬಾಗಿಲು ತೆಗೆದ ಹೊಸತು, ಬಿಸಿಲು ಇನ್ನೂ ಓರೆ, ನೀರು ಅಲುಗಾಡುತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಮಾರ್ಚ್‌ನಲ್ಲಾದರೆ ಸಂಜೆ 7, ನವೆಂಬರ್ ಮಧ್ಯದಲ್ಲಾದರೆ ರಾತ್ರಿ 8. ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಮನೆಯವರಿಗೆ ಮೊದಲೇ ಹೇಳಿದ ಸಮಯವನ್ನು ಆ ಭಾನುವಾರಗಳಾದ ಮೇಲೆ ಮತ್ತೊಮ್ಮೆ ತಿಳಿಸಿ.

ಮುಹೂರ್ತ ನೋಡಿಸುವವರಿಗೆ ಒಂದು ಎಚ್ಚರಿಕೆ. ಊರಿನ ಜೋಯಿಸರು ಬೆಂಗಳೂರಿಗೆ ಲೆಕ್ಕ ಹಾಕಿದ ಲಗ್ನವನ್ನು ಒಂಬತ್ತೂವರೆ ಗಂಟೆ ಕಳೆದು ಅಮೆರಿಕದ ಸಮಯ ಮಾಡಿಕೊಳ್ಳುವುದು ತಪ್ಪು. ಲಗ್ನ ನಿಂತಿರುವುದು ಆ ಜಾಗದ ಸೂರ್ಯೋದಯದ ಮೇಲೆ, ಅಕ್ಷಾಂಶ ರೇಖಾಂಶದ ಮೇಲೆ. ಚಾರ್ಲ್ಸ್‌ಟನ್ನಿಗೇ ಲೆಕ್ಕ ಹಾಕಿಸಿ. ಅಭಿಜಿನ್ ಮುಹೂರ್ತ ಎಂದು ಗಡಿಯಾರದ ಹನ್ನೆರಡಕ್ಕೆ ಕಾಯಬೇಡಿ. ಬೇಸಿಗೆ ಗಡಿಯಾರದಲ್ಲಿ ಇಲ್ಲಿ ನಡುನೆತ್ತಿಗೆ ಸೂರ್ಯ ಬರುವುದು ಒಂದು ಗಂಟೆ ಕಳೆದ ಮೇಲೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಯಾವ ದಿನ ಚೆನ್ನಾಗಿದೆ ಎಂದು ಕೇಳಿ. ಬಾಗಿಲು ತೆರೆದಿರದ ಬ್ರಾಹ್ಮೀ ಮುಹೂರ್ತ ಕೊಟ್ಟರೆ ಪ್ರಯೋಜನವಿಲ್ಲ.

## ಹಂತ 5: ಉದ್ಯಾನದ ಅನುಮತಿಯನ್ನು ಬರಹದಲ್ಲಿ ಪಡೆಯಿರಿ

ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಸದ್ದಿಲ್ಲದೆ ತಾಳಿ ಕಟ್ಟಿಬಿಡೋಣ ಎಂಬ ಉಪಾಯ ಬಹಳ ಜನರಿಗೆ ಹೊಳೆಯುತ್ತದೆ. ಸೀರೆ, ಹಾರ, ಎರಡು ಕ್ಯಾಮೆರಾ ಹಿಡಿದು ಸದ್ದಿಲ್ಲದೆ ಇರುವುದು ಹೇಗೆಂದು ನನಗೆ ತಿಳಿಯದು. ಕಾವಲಿನವರು ಅರ್ಧದಲ್ಲಿ ನಿಲ್ಲಿಸಿದರೆ ತಪ್ಪು ಅವರದಲ್ಲ.

ಇಮೇಲ್ ಬರೆದು ಇವಕ್ಕೆ ಒಂದೊಂದಕ್ಕೂ ಉತ್ತರ ತರಿಸಿಕೊಳ್ಳಿ: ಎಷ್ಟು ಜನಕ್ಕೆ ಯಾವ ದರ, ಪ್ರವೇಶ ಶುಲ್ಕ ಅದರಲ್ಲೇ ಸೇರಿದೆಯೇ, ವೃತ್ತಿಪರ ಛಾಯಾಗ್ರಹಣಕ್ಕೆ ಬೇರೆ ಪರವಾನಗಿ ಬೇಕೇ, ದೋಣಿಯನ್ನು ಗಂಟೆಗೆ ಕಾದಿರಿಸಬಹುದೇ, ಆ ದಿನ ಶಾಲಾ ಮಕ್ಕಳ ಪ್ರವಾಸ ಇದೆಯೇ, ಬಟ್ಟೆ ಬದಲಿಸಲು ಕೋಣೆ ಎಲ್ಲಿ, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ, ಮಳೆ ಬಂದರೆ ಚಾವಣಿ ಇರುವ ಜಾಗ ಯಾವುದು, ಅದಕ್ಕೆ ಹೆಚ್ಚಿನ ಹಣವೇ, ಪ್ರವಾಹದಿಂದ ಬಾಗಿಲು ಹಾಕಿದರೆ ಹಣ ಹಿಂದಕ್ಕೋ, ಬೇರೆ ದಿನವೋ. ಡ್ರೋನ್, ಬೆಂಕಿ, ಅಕ್ಕಿ, ಹೂವಿನ ಎಸಳು, ಈ ನಾಲ್ಕನ್ನೂ ಹೆಸರು ಹಿಡಿದು ಕೇಳಿ. ಅಲಂಕಾರಕ್ಕೆ ಅಡ್ಡಿಯಿಲ್ಲ ಎಂಬ ಬಿಡುಬೀಸು ಉತ್ತರ ಬಂದರೆ ಮತ್ತೊಮ್ಮೆ ಬರೆಯಿರಿ.

ಅನುಮತಿ ಗಿನುಮತಿ ಏನೂ ಬೇಡ, ನಾನು ಎಷ್ಟೋ ಸಲ ಮಾಡಿದ್ದೇನೆ ಎನ್ನುವ ಛಾಯಾಗ್ರಾಹಕರು ಸಿಕ್ಕರೆ ಅವರನ್ನು ಬಿಟ್ಟು ಮುಂದೆ ಹೋಗಿ.

ಉತ್ತರ ಬಂದು, ಆರು ಮತ್ತು ಏಳನೆಯ ಹಂತಗಳ ತಾರೀಕು ಕೂಡಿ ಬಂದ ಮೇಲೆ ಮುಂಗಡ ಕಟ್ಟಿ.

## ಹಂತ 6: ಪರವಾನಗಿ

ಎಲ್ಲರೂ ಎಡವುವುದು ಇಲ್ಲೇ ಆದ್ದರಿಂದ ನಿಧಾನವಾಗಿ ಓದಿ.

ದಕ್ಷಿಣ ಕ್ಯಾರೊಲಿನಾದಲ್ಲಿ ವಿವಾಹ ಪರವಾನಗಿ ಕೊಡುವುದು ಕೌಂಟಿಯ ಪ್ರೊಬೇಟ್ ಕೋರ್ಟ್ (ಉಯಿಲು, ವಾರಸುದಾರಿಕೆಯಂಥ ವಿಷಯ ನೋಡುವ ನ್ಯಾಯಾಲಯ). ರಾಜ್ಯದ ಯಾವ ಕೌಂಟಿಯಲ್ಲಿ ಪಡೆದರೂ ರಾಜ್ಯದೊಳಗೆ ಎಲ್ಲಿ ಬೇಕಾದರೂ ಮದುವೆಯಾಗಬಹುದು. ಪಕ್ಕದ ಉತ್ತರ ಕ್ಯಾರೊಲಿನಾ ಅಥವಾ ಜಾರ್ಜಿಯಾದ ಪರವಾನಗಿ ಇಲ್ಲಿ ನಡೆಯುವುದಿಲ್ಲ. ಷಾರ್ಲಟ್ ಮತ್ತು ಅಟ್ಲಾಂಟಾದಿಂದ ಬರುವ ನಮ್ಮವರು ಮನೆಯ ಹತ್ತಿರವೇ ಪರವಾನಗಿ ಮಾಡಿಸಿ ತಂದ ಉದಾಹರಣೆಗಳಿವೆ. ಶುಲ್ಕ ಕೌಂಟಿಯಿಂದ ಕೌಂಟಿಗೆ ಬೇರೆ, ಹೊರಗಿನವರಿಗೆ ಸಾಮಾನ್ಯವಾಗಿ ಹೆಚ್ಚು. ರಕ್ತಪರೀಕ್ಷೆ ಇಲ್ಲ, ಸಾಕ್ಷಿಗಳ ಕಡ್ಡಾಯವೂ ಇಲ್ಲ.

ಅರ್ಜಿ ಕೊಟ್ಟ 24 ಗಂಟೆಗಳ ನಂತರವೇ ಪರವಾನಗಿ ಕೈಗೆ ಬರುವುದು. ಗುರುವಾರದ ಅರ್ಜಿಗೆ ಶುಕ್ರವಾರ. ಶುಕ್ರವಾರದ ಅರ್ಜಿಗೆ ಸೋಮವಾರ, ಸೋಮವಾರ ಸರ್ಕಾರಿ ರಜೆಯಾದರೆ ಮಂಗಳವಾರ. ಒಳ್ಳೆಯ ಸುದ್ದಿಯೆಂದರೆ ಇಲ್ಲಿನ ಪರವಾನಗಿಗೆ ಅವಧಿ ಮುಗಿಯುವ ಗಡುವಿಲ್ಲ. ಜಾಗ ನೋಡಲು ಒಮ್ಮೆ ಬರುತ್ತೀರಲ್ಲ, ಆಗಲೇ ಅರ್ಜಿ ಕೊಟ್ಟು ಮಾರನೆಯ ದಿನ ಪಡೆದು ಹೋದರೆ ಮದುವೆಯ ವಾರದಲ್ಲಿ ಕಚೇರಿಯ ಮುಖ ನೋಡಬೇಕಾಗಿಲ್ಲ.

ಒಯ್ಯಬೇಕಾದದ್ದು: ಇಬ್ಬರ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ. ಆ ಸಂಖ್ಯೆ ಇಲ್ಲದವರು ಬದಲಿಗೆ ಏನು ತರಬೇಕೆಂದು ಫೋನಿನಲ್ಲಿ ಮೊದಲೇ ಕೇಳಬೇಕು. ಹಿಂದೆ ವಿಚ್ಛೇದನವಾಗಿದ್ದರೆ ಆ ಆದೇಶದ ಪ್ರತಿಯೂ ಇರಲಿ. ಇಬ್ಬರೂ ಖುದ್ದಾಗಿ ಬರಬೇಕೇ, ಅರ್ಜಿಯ ಎಷ್ಟು ಭಾಗ ಆನ್‌ಲೈನಿನಲ್ಲಿ ಆಗುತ್ತದೆ, ಎಷ್ಟು ಗಂಟೆಗೆ ಅರ್ಜಿ ನಿಲ್ಲಿಸುತ್ತಾರೆ ಎಂಬುದನ್ನೂ ಅದೇ ಕರೆಯಲ್ಲಿ ಮುಗಿಸಿ.

ಇನ್ನು ಹೆಸರು. ಇನಿಷಿಯಲ್, ಅಪ್ಪನ ಹೆಸರು, ಊರ ಹೆಸರು ಎಲ್ಲ ಹೊತ್ತು ತಿರುಗುವ ಕನ್ನಡಿಗರಿಗೆ ಇದು ದೊಡ್ಡ ತಲೆನೋವು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ವೀಸಾದಲ್ಲಿ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಬಂದವರು, ಯಾವುದನ್ನು ಬರೆಯಬೇಕು ಎಂದು ಕಿಟಕಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಕೇಳಿ. ಪರವಾನಗಿ ಕೈಗೆ ಬಂದ ಕೂಡಲೇ ಒಂದೊಂದೇ ಅಕ್ಷರ ಓದಿ, ಕಿಟಕಿ ಬಿಟ್ಟು ಕದಲಬೇಡಿ. ಅಲ್ಲಿ ತಿದ್ದಿಸುವುದು ಐದು ನಿಮಿಷದ ಕೆಲಸ, ಮದುವೆಯಾದ ಮೇಲೆ ತಿಂಗಳ ಕೆಲಸ.

ಪರವಾನಗಿ ಇಲ್ಲದೆ ಒಟ್ಟಿಗೆ ಬಾಳಿದರೂ ಮದುವೆಯೆನಿಸುವ ಹಳೆಯ ಪದ್ಧತಿ ಈ ರಾಜ್ಯದಲ್ಲಿತ್ತು. ರಾಜ್ಯದ ಸುಪ್ರೀಂ ಕೋರ್ಟ್ 2019ರ ಜುಲೈಯಲ್ಲಿ, ಅಲ್ಲಿಂದ ಮುಂದೆ ಅದು ನಡೆಯುವುದಿಲ್ಲ ಎಂದಿತು. ಹಾರ ಬದಲಾಯಿಸಿದ ಚಿತ್ರ ಈಗ ಚಿತ್ರವಷ್ಟೇ.

ವೀಸಾ ಕುರಿತು ಒಂದೇ ಸಲಹೆ. ಇಬ್ಬರಲ್ಲಿ ಒಬ್ಬರು ಪ್ರವಾಸಿ ವೀಸಾದಲ್ಲಿ ಬಂದಿದ್ದರೆ, ಅಥವಾ ಮದುವೆಯಿಂದ ವೀಸಾದ ಸ್ಥಿತಿ ಬದಲಾಗುವುದಿದ್ದರೆ, ತಾರೀಕು ಗೊತ್ತುಮಾಡುವ ಮೊದಲು ವಲಸೆ ವಕೀಲರೊಬ್ಬರ ಹತ್ತಿರ ಅರ್ಧ ಗಂಟೆ ಮಾತಾಡಿ. ವಾಟ್ಸ್‌ಆ್ಯಪ್ ಗುಂಪಿನ ಅನುಭವಸ್ಥರ ಮಾತು ಸಾಲದು.

## ಹಂತ 7: ಮದುವೆ ಮಾಡಿಸುವವರು

ಈ ರಾಜ್ಯದ ಕಾನೂನು ಮದುವೆ ಮಾಡಿಸಲು ಅಧಿಕಾರವಿರುವವರನ್ನು ಎಣಿಸಿ ಹೇಳುತ್ತದೆ: ಕ್ರೈಸ್ತ ಪಾದ್ರಿಗಳು, ಯೆಹೂದಿ ರಬ್ಬಿಗಳು, ರಾಜ್ಯದಲ್ಲಿ ಪ್ರಮಾಣವಚನ ಬೋಧಿಸುವ ಅಧಿಕಾರವಿರುವವರು, ಮಾನ್ಯತೆ ಪಡೆದ ಮೂಲನಿವಾಸಿ ಸಮುದಾಯಗಳ ಮುಖ್ಯಸ್ಥರು ಅಥವಾ ಧರ್ಮಗುರುಗಳು. ದೇವಸ್ಥಾನದ ಅರ್ಚಕರ ಹೆಸರು ಆ ಸಾಲಿನಲ್ಲಿ ಇಲ್ಲ. ಆ ಬಗ್ಗೆ ನನಗೆ ಹೇಳುವುದು ಬೇಕಾದಷ್ಟಿದೆ, ಆದರೆ ಇದು ಅದಕ್ಕೆ ಜಾಗವಲ್ಲ. ಪ್ರಮಾಣವಚನದ ಅಧಿಕಾರ ಇಲ್ಲಿನ ನೋಟರಿಗಳಿಗಿದೆ. ಆದ್ದರಿಂದ ದಕ್ಷಿಣ ಕ್ಯಾರೊಲಿನಾದ ನೋಟರಿಯೊಬ್ಬರು ಕಾನೂನಿನ ಭಾಗವನ್ನು ಮಾಡಲಿ, ಮಂತ್ರವನ್ನು ಪುರೋಹಿತರೋ ನಿಮ್ಮ ಸೋದರಮಾವನೋ ಹೇಳಲಿ. ಬೇರೆ ರಾಜ್ಯದ ನೋಟರಿ ಆಗುವುದಿಲ್ಲ. ಆನ್‌ಲೈನಿನಲ್ಲಿ ಹತ್ತು ನಿಮಿಷಕ್ಕೆ ಧರ್ಮಗುರುವಾಗಿ ಬಂದ ಗೆಳೆಯನನ್ನು ನಂಬಿ ಕೂರುವುದೂ ಬೇಡ. ಮುಂದೆ ವೀಸಾಗೆ ತೋರಿಸಬೇಕಾದ ಕಾಗದದ ಮೇಲೆ ಇಂಥ ಪ್ರಯೋಗ ಏಕೆ?

ನೋಟರಿಗೆ ಮೂರು ವಿಷಯ ಮೊದಲೇ ತಿಳಿಸಿ. ಹಲಗೆಹಾದಿಯಲ್ಲಿ ಎಷ್ಟು ನಡೆಯಬೇಕು, ನಿಮ್ಮ ವಿಧಿ ಎಷ್ಟು ಹೊತ್ತು, ಸಹಿ ಯಾವಾಗ. ಸಹಿಯನ್ನು ತಾಳಿ ಕಟ್ಟಿದ ಕೂಡಲೇ, ದೋಣಿ ಹತ್ತುವ ಮೊದಲು ಮುಗಿಸಿ. ಗಟ್ಟಿ ರಟ್ಟು, ಎರಡು ಕಪ್ಪು ಪೆನ್ನು, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಬೇಕು. ದೋಣಿಯಲ್ಲಿ ಸಹಿ ಮಾಡುವ ಚಿತ್ರ ಬೇಕೆಂದು ಹೋಗಿ ಪರವಾನಗಿಯನ್ನು ನೀರಿಗೆ ಬಿಟ್ಟವರಿದ್ದಾರೆ.

## ಹಂತ 8: ವಿಧಿಯನ್ನು ನೆಲಕ್ಕೆ ಹೊಂದಿಸಿ

ಹೋಮ ಬಿಡಿ. ಒಣ ಎಲೆ, ಮರದ ಹಲಗೆ, ಸಾರ್ವಜನಿಕ ಉದ್ಯಾನ. ಬೆಂಕಿಗೆ ಒಪ್ಪುವವರು ಸಿಗುವುದಿಲ್ಲ. ಲಾಜಹೋಮ, ಸಪ್ತಪದಿಯನ್ನು ಅಗ್ನಿಸಾಕ್ಷಿಯಾಗಿಯೇ ಮಾಡಬೇಕೆಂದರೆ ಮಾರನೆಯ ದಿನ ದೇವಸ್ಥಾನದಲ್ಲಿ ಮಾಡಿ. ಬ್ಯಾಟರಿ ದೀಪದ ಸುತ್ತ ತಿರುಗುವುದಕ್ಕಿಂತ ದೀಪವಿಲ್ಲದಿರುವುದೇ ಮೇಲು.

ಧಾರೆ ಈ ಜಾಗಕ್ಕೆ ಹೇಳಿ ಮಾಡಿಸಿದಂತಿದೆ. ತೆಂಗಿನಕಾಯಿ, ಪುಟ್ಟ ಚೊಂಬು, ಕೆಳಗೆ ಅಗಲವಾದ ಹರಿವಾಣ, ಅಷ್ಟು ಸಾಕು. ಹಾಲು ನೀರು ಹರಿವಾಣದಲ್ಲೇ ನಿಲ್ಲಬೇಕು, ಜೌಗಿಗೆ ಸುರಿಯುವ ಹಾಗಿಲ್ಲ. ಅಕ್ಷತೆಯನ್ನು ಎರಚಬೇಡಿ, ಒಬ್ಬೊಬ್ಬರಾಗಿ ಬಂದು ತಲೆಯ ಮೇಲೆ ಹಾಕಲಿ. ಕಾಲಡಿಗೆ ಹಳೆಯ ಬೆಡ್‌ಶೀಟ್ ಹಾಸಿದ್ದರೆ ಬಿದ್ದ ಕಾಳನ್ನು ಮಡಚಿ ತರಬಹುದು. ಒಂದು ಹಿಡಿ ಅಕ್ಕಿ ಹತ್ತು ಜನಕ್ಕೆ ಧಾರಾಳ.

ಪುರೋಹಿತರೇ ಬೇಡ ಎನ್ನುವವರಿಗೆ ಕುವೆಂಪು 1966ರಲ್ಲಿ ತಮ್ಮ ಮಗನ ಮದುವೆಗೆ ಬಳಸಿದ ಮಂತ್ರಮಾಂಗಲ್ಯದ ಮಾದರಿ ಇದೆ. ಬೆಂಕಿಯಿಲ್ಲ, ಅಬ್ಬರವಿಲ್ಲ, ಓದಿ ಒಪ್ಪಿಕೊಳ್ಳುವ ಮಾತುಗಳೇ ಮುಖ್ಯ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಕನ್ನಡ ಬಾರದ ನೋಟರಿಗೆ ಅರ್ಥವನ್ನು ಒಂದು ಪುಟದಲ್ಲಿ ಬರೆದುಕೊಡಿ.

ಊರಿನಿಂದ ಮಲ್ಲಿಗೆ, ವೀಳ್ಯದೆಲೆ ತರುವ ಯೋಚನೆ ಬೇಡ. ವಿಮಾನ ನಿಲ್ದಾಣದ ಕೃಷಿ ತಪಾಸಣೆಯಲ್ಲಿ ಹಾರ ಕಳೆದುಕೊಂಡು ಅಳುವುದು ತಪ್ಪುತ್ತದೆ. ಹಾರವನ್ನು ಇಲ್ಲಿಯೇ ಕಟ್ಟಿಸಿ.

## ಹಂತ 9: ಉಡುಗೆ ಮತ್ತು ಕೈಚೀಲ

ಬರಿಗಾಲು ಬೇಡ, ಶಾಸ್ತ್ರಕ್ಕೂ ಬೇಡ. ಇಲ್ಲಿನ ಹುಲ್ಲುಹಾಸಿನಲ್ಲಿ ಫೈರ್ ಆ್ಯಂಟ್ ಎಂಬ ಕೆಂಪಿರುವೆಗಳ ಮಣ್ಣುಗುಡ್ಡೆಗಳಿರುತ್ತವೆ. ನೋಡಲು ಮೊಲ ಕೆದಕಿದ ಮಣ್ಣಿನಂತೆ. ಕಾಲಿಟ್ಟರೆ ಕ್ಷಣದಲ್ಲಿ ನೂರಾರು ಹತ್ತುತ್ತವೆ, ಕಚ್ಚಿದಲ್ಲೆಲ್ಲ ಮಾರನೆಯ ದಿನಕ್ಕೆ ಕೀವುಗುಳ್ಳೆ. ಕಾಲುಂಗುರ ತೊಡಿಸುವುದನ್ನು ಬೆಂಚಿನ ಮೇಲೆ ಕೂತು ಮಾಡಿ. ಚೂಪು ಹಿಮ್ಮಡಿಯ ಚಪ್ಪಲಿ ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚಪ್ಪಟೆ ತಳದ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಸರಿ.

ಸೀರೆಯನ್ನು ಒಂದು ಅಂಗುಲ ಮೇಲೆ ಉಡಿ. ನೆರಿಗೆಗೆ ಒಳಗಿನಿಂದ ಪಿನ್ನು, ಸೆರಗಿಗೆ ಎರಡು. ರೇಷ್ಮೆ ಉಟ್ಟು ಶಾಸ್ತ್ರ ಮುಗಿಸಿ, ದೋಣಿಗೆ ನೂಲಿನ ಸೀರೆ ಉಟ್ಟುಕೊಂಡರೆ ಎಲ್ಲಕ್ಕಿಂತ ಕ್ಷೇಮ.

ಮರಗಳಿಂದ ನರೆತ ಗಡ್ಡದಂತೆ ಇಳಿಬಿದ್ದಿರುವ ಸ್ಪ್ಯಾನಿಷ್ ಮಾಸ್ ಕಂಡರೆ ಎಲ್ಲರಿಗೂ ಜಡೆಗೆ ಮುಡಿಯುವ ಆಸೆ. ನೆಲಕ್ಕೆ ಬಿದ್ದದ್ದರಲ್ಲಿ ಚಿಗರ್ ಎಂಬ ಕಣ್ಣಿಗೆ ಕಾಣದ ಕೆಂಪು ನುಸಿ ಇರಬಹುದು; ಮಧುಚಂದ್ರದ ವಾರವೆಲ್ಲ ತುರಿಕೆಯಲ್ಲಿ ಕಳೆಯುತ್ತದೆ. ಮೂರು ಮೂರು ಎಲೆಯ ಬಳ್ಳಿ ಮರಕ್ಕೆ ಹಬ್ಬಿದ್ದರೆ ಅದು ಪಾಯ್ಸನ್ ಐವಿ ಇರಬಹುದು, ಒರಗಬೇಡಿ. ಮಾವು ಮತ್ತು ಗೇರಿನ ಕುಟುಂಬದ್ದೇ ಗಿಡ ಅದು. ಕೇರಿನ ಮರ ಮುಟ್ಟಿ ಮೈ ಊದಿಸಿಕೊಂಡ ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಸೊಳ್ಳೆ ಔಷಧಿಯಲ್ಲಿ ಶೇಕಡಾ 20ರ ಪಿಕಾರಿಡಿನ್ ಇರುವುದನ್ನು ತೆಗೆದುಕೊಳ್ಳಿ. ಡೀಟ್ ಇರುವುದೂ ಕೆಲಸ ಮಾಡುತ್ತದೆ, ಆದರೆ ಅದು ಪ್ಲಾಸ್ಟಿಕ್, ರೇಯಾನ್, ಉಗುರು ಬಣ್ಣವನ್ನು ಕರಗಿಸುತ್ತದೆ. ಕೃತಕ ಆಭರಣಕ್ಕೂ ಒಳ್ಳೆಯದಲ್ಲ. ಸೀರೆ ಉಡುವ ಮೊದಲು ಹಚ್ಚಿ, ಒಣಗಲು ಬಿಡಿ.

ಚೀಲದಲ್ಲಿ ಇರಬೇಕಾದದ್ದು: ಪರವಾನಗಿ, ಪಾಸ್‌ಪೋರ್ಟ್, ತಾಳಿ, ಸೂಜಿದಾರ, ಪಿನ್ನು, ಟವೆಲ್ ಎರಡು, ನೀರು, ಕೊಡೆ, ಫೋನಿಗೆ ಹೆಚ್ಚುವರಿ ಬ್ಯಾಟರಿ. ತಾಳಿಯನ್ನು ಯಾರು ಹಿಡಿದಿರುತ್ತಾರೆ ಎಂದು ಒಬ್ಬರ ಹೆಸರು ಹೇಳಿ ಗೊತ್ತುಮಾಡಿ.

## ಹಂತ 10: ಹಿಂದಿನ ದಿನ ಒಂದು ಸುತ್ತು

ಟಿಕೆಟ್ ತೆಗೆದು ಅದೇ ಗಂಟೆಗೆ ಒಳಗೆ ಹೋಗಿ. ನಿಲ್ಲುವ ಜಾಗದಲ್ಲಿ ಬಿಸಿಲು ಯಾರ ಮುಖಕ್ಕೆ ಬೀಳುತ್ತದೆ, ಹಲಗೆ ಜಾರುತ್ತದೆಯೇ, ಇರುವೆಗೂಡು ಎಲ್ಲಿದೆ, ಶೌಚಾಲಯಕ್ಕೆ ಎಷ್ಟು ದೂರ ನೋಡಿ. ಅಲ್ಲಿಂದಲೇ ಊರಿಗೆ ವಿಡಿಯೊ ಕರೆ ಮಾಡಿ ಐದು ನಿಮಿಷ ಮಾತಾಡಿ. ಮರಗಳಡಿಯಲ್ಲಿ ಸಿಗ್ನಲ್ ಸಿಗುವುದು ನಾಲ್ಕು ಹೆಜ್ಜೆಗೆ ಬದಲಾಗುತ್ತದೆ. ಸಿಗದಿದ್ದರೆ ಸಿಗುವ ಕಡೆಗೆ ಮಂಟಪವನ್ನೇ ಸರಿಸಿ.

## ಹಂತ 11: ಆ ದಿನ, ದೋಣಿ ಸಹಿತ

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಶಾಸ್ತ್ರ, ಸಹಿ, ಕುಟುಂಬದ ಚಿತ್ರ, ಕೊನೆಗೆ ದೋಣಿ. ದೋಣಿಯಿಂದ ಶುರುಮಾಡಿದರೆ ಒದ್ದೆ ಅಂಚಿನಲ್ಲೇ ತಾಳಿ ಕಟ್ಟಬೇಕಾಗುತ್ತದೆ.

ಚಪ್ಪಟೆ ತಳದ ದೋಣಿ ನಂಬಿಗಸ್ತವಾಗಿ ಕಾಣುತ್ತದೆ, ಇಬ್ಬರೂ ಒಂದೇ ಅಂಚಿಗೆ ವಾಲುವವರೆಗೆ. ಒಬ್ಬೊಬ್ಬರಾಗಿ ನಡುವಿಗೇ ಕಾಲಿಟ್ಟು ಹತ್ತಿ, ಕೂತ ಮೇಲೆ ಏಳಬೇಡಿ. ನಿಂತು ಮುತ್ತಿಡುವ ಚಿತ್ರಕ್ಕೆ ಇಲ್ಲವೆನ್ನಿ. ಲೈಫ್ ಜಾಕೆಟ್ ಹಾಕಿ ದೂರ ಹೋಗಿ, ದಡದ ಹತ್ತಿರ ಬಂದ ಮೇಲೆ ಅದನ್ನು ತೆಗೆದು ಚಿತ್ರ ತೆಗೆಸಿಕೊಳ್ಳಬಹುದೇ ಎಂದು ಕಾವಲಿನವರನ್ನು ಕೇಳಿ. ಇಲ್ಲಿ ಚಿತ್ರೀಕರಣವಾದ ಹಾಲಿವುಡ್ ಪ್ರೇಮಕಥೆಯೊಂದರ ದೋಣಿ ದೃಶ್ಯ ನೋಡಿ, ನೀರು ತುಂಬ ಬಿಳಿ ಹಕ್ಕಿಗಳಿರುತ್ತವೆ ಎಂದು ಬರುವವರಿದ್ದಾರೆ. ಆ ಹಕ್ಕಿಗಳನ್ನು ಸಿನಿಮಾದವರು ತಂದದ್ದು, ನಿಮಗೆ ಸಿಗುವುದು ಒಂದೆರಡು ಬೆಳ್ಳಕ್ಕಿ.

ಅಲಿಗೇಟರ್ ಮೊಸಳೆ ಕಂಡರೆ ಕನಿಷ್ಠ 60 ಅಡಿ ದೂರ. ಅವುಗಳಿಗೆ ತಿನ್ನಿಸುವುದು, ಕೆಣಕುವುದು ಈ ರಾಜ್ಯದಲ್ಲಿ ಅಪರಾಧ. ಕೋಸಂಬರಿಯನ್ನೋ ಲಾಡುವನ್ನೋ ನೀರಿನಂಚಿನಲ್ಲಿ ಹಂಚಬೇಡಿ, ಮನುಷ್ಯರನ್ನು ಊಟದೊಂದಿಗೆ ಸೇರಿಸಿ ನೆನಪಿಟ್ಟುಕೊಂಡ ಮೊಸಳೆಯೇ ಅಪಾಯದ ಮೊಸಳೆ. ನಾಯಿಯನ್ನು ಉಂಗುರ ಹೊರುವವನನ್ನಾಗಿ ಕರೆತರುವುದು ಇಲ್ಲಿ ಕೆಟ್ಟ ಯೋಚನೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮೊಸಳೆಗಳು ಕೂಡುವ ಕಾಲ, ಓಡಾಟ ಹೆಚ್ಚು.

ಬಿಟ್ಟು ಹೊರಡಬೇಕಾದ ಸೂಚನೆಗಳು ಕೆಲವಿವೆ. ಗುಡುಗು ಕೇಳಿಸಿದರೆ ಮುಹೂರ್ತ ಎಷ್ಟೇ ಹತ್ತಿರವಿರಲಿ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಎಣಿಸಿ. ಹಾದಿಯ ಮೇಲೆ ನೀರು ಹರಿಯುತ್ತಿದ್ದರೆ ಅಡಿಯ ಹಲಗೆ ಇದೆಯೋ ಇಲ್ಲವೋ ಎಂದು ಕಾಲಿನಿಂದ ಪರೀಕ್ಷಿಸಬೇಡಿ. ವಧುವೋ ವರನೋ ಬೆವರುವುದು ನಿಂತು, ತಲೆ ಸುತ್ತುತ್ತಿದೆ ಎಂದರೆ ಮಂತ್ರ ನಿಲ್ಲಿಸಿ ನೆರಳಿಗೆ ಕರೆದೊಯ್ಯಿರಿ. ಬಿಸಿಲಿನ ಹೊಡೆತ ತಿಂದವರಿಗೆ ಇನ್ನೈದು ನಿಮಿಷ ಎನ್ನಬಾರದು.

## ಹಂತ 12: ಮದುವೆಯಾದ ಮೇಲಿನ ಕಾಗದ

ಮದುವೆ ಮಾಡಿಸಿದವರು ಸಹಿಯಾದ ಪ್ರತಿಗಳನ್ನು 15 ದಿನಗಳೊಳಗೆ ಪ್ರೊಬೇಟ್ ಕೋರ್ಟಿಗೆ ಮರಳಿಸಬೇಕು. ಮೂರನೆಯ ದಿನ ನೋಟರಿಗೆ ನೆನಪಿಸಿ, ಹತ್ತನೆಯ ದಿನ ಕಚೇರಿಗೇ ಫೋನ್ ಮಾಡಿ ತಲುಪಿತೇ ಎಂದು ಕೇಳಿ. ದಾಖಲಾದ ಮೇಲೆ ದೃಢೀಕೃತ ಪ್ರತಿ ಮೂರು ತೆಗೆದುಕೊಳ್ಳಿ: ಒಂದು ವೀಸಾ ಕಡತಕ್ಕೆ, ಒಂದು ಭಾರತಕ್ಕೆ, ಒಂದು ಮನೆಗೆ.

ಭಾರತಕ್ಕೆ ಹೋಗುವ ಪ್ರತಿಗೆ ಅಪೊಸ್ಟಿಲ್ ಮುದ್ರೆ ಬೇಕು, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ. ಅಮೆರಿಕ, ಭಾರತ ಎರಡೂ ಆ ಮುದ್ರೆಯನ್ನು ಒಪ್ಪುವ ಹೇಗ್ ಒಪ್ಪಂದದಲ್ಲಿವೆ. ಕೊಡುವುದು ದಕ್ಷಿಣ ಕ್ಯಾರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿರುವ ರಾಜ್ಯದ ಕಾರ್ಯದರ್ಶಿ ಕಚೇರಿ, ಮನೆಯ ಹತ್ತಿರದ ನೋಟರಿಯಲ್ಲ, ನೀವು ವಾಸವಿರುವ ಬೇರೆ ರಾಜ್ಯವೂ ಅಲ್ಲ. ಕೋರ್ಟಿನ ದೃಢೀಕೃತ ಪ್ರತಿಯನ್ನೇ ಕಳಿಸಿ. ಜೆರಾಕ್ಸ್ ಕಳಿಸಿದರೆ ಅಂಚೆಯಲ್ಲಿ ಹಾಗೆಯೇ ವಾಪಸಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿಸುವ ಅರ್ಜಿ ಇದೆಲ್ಲ ಕೈಗೆ ಬಂದ ಮೇಲಿನ ಮಾತು. ಅಷ್ಟರೊಳಗೆ ದೋಣಿಯಲ್ಲಿ ಒದ್ದೆಯಾದ ಸೀರೆಯ ಅಂಚನ್ನು ತಣ್ಣೀರಿನಲ್ಲಿ ಹಿಂಡದೆ ಅದ್ದಿ ತೆಗೆದು, ನೆರಳಿನಲ್ಲಿ ಒಣಗಿಸಿರಬೇಕು. ಚೊಗರು ಒಣಗಿ ಕೂತರೆ ಡ್ರೈ ಕ್ಲೀನಿಂಗಿನವರೂ ಕೈ ಚೆಲ್ಲುತ್ತಾರೆ.